ಅಸ್ಮಿತೆಯ ಶಿಕ್ಷಣ: ನೀಲಗುಂದದ ನಿದರ್ಶನ

ತಾನು ಯಾರು, ತನ್ನವರು ಯಾರು, ಅವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ವಿದ್ಯಾರ್ಥಿಗೆ ಅರಿವಾಗಿಸುವುದು ಅಸ್ಮಿತೆಯ ಶಿಕ್ಷಣ. ಊರು, ಜಿಲ್ಲೆ, ಜಾತಿಗಳ ಹೆಸರನ್ನು ಬಾಯಿಪಾಠ ಮಾಡಿಸಿದರೆ ಅದು ಮುಗಿಯುವುದಿಲ್ಲ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ಇದಕ್ಕೆ ಒಳ್ಳೆಯ ನಿದರ್ಶನ.

ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯವಿರುವ ಈ ಗ್ರಾಮವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಜ್ಜ ಮದ್ರಾಸ್ ಪ್ರಾಂತ್ಯದಲ್ಲಿಯೂ ಮಗ ಮೈಸೂರು ರಾಜ್ಯದಲ್ಲಿಯೂ ಮೊಮ್ಮಗಳು ದಾವಣಗೆರೆ ಜಿಲ್ಲೆಯಲ್ಲಿಯೂ ಹುಟ್ಟಿದ್ದು, ಹುಟ್ಟಿದ ಮನೆ ಮಾತ್ರ ಒಂದೇ ಆಗಿರಬಹುದು.

ಜಿಲ್ಲೆ ಎಂಬುದು ಬರಿಯ ಹೆಸರಲ್ಲ. 2013ರಲ್ಲಿ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಳ್ಳಾರಿ ಜಿಲ್ಲೆಗೆ ದೊರೆತಾಗ, ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ನೆರೆಯ ಹಡಗಲಿ, ಹಗರಿಬೊಮ್ಮನಹಳ್ಳಿಗಳ ವಿದ್ಯಾರ್ಥಿಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸಿಕ್ಕ ಮೀಸಲಾತಿ ಇಲ್ಲಿಯವರಿಗೆ ದೊರೆತದ್ದು ಹೋರಾಟದ ಬಳಿಕವೇ. ಆ ಬೇಡಿಕೆ ಒಂದು ಜಾತಿಯದಲ್ಲ, ಇಡೀ ತಾಲ್ಲೂಕಿನದು. ತರಗತಿಯಲ್ಲಿ ಮುಖ್ಯವಾಗಿ ಚರ್ಚಿಸಬೇಕಾದ ಅಂಶವಿದು. ನೆರೆಯವರನ್ನು ಹಗೆಗಳೆಂದು ಭಾವಿಸದೆ ಹಕ್ಕು ಕೇಳುವ ನಡತೆಯನ್ನೂ ಇಲ್ಲಿಯೇ ಕಲಿಸಬಹುದು. ಮನೆಯ ಹಿರಿಯರ ಶಾಲಾ ದಾಖಲೆ, ಹಳೆಯ ಪಹಣಿಗಳಲ್ಲಿ ಜಿಲ್ಲೆಯ ಹೆಸರನ್ನು ಹುಡುಕಿಸುವುದು ಈ ಪಾಠಕ್ಕೆ ಸುಲಭವಾದ ಆರಂಭ.