ಹೆಸರು ಮತ್ತೆ ಮತ್ತೆ ಯಾಕೆ ಕೇಳ್ತೀವಿ?

ಪೀಣ್ಯದಲ್ಲಿ ಸಾವಿರಾರು ಕಾರ್ಖಾನೆಗಳಿವೆ. ಮೆಷಿನ್ನಿಗೆ ಕೈ ಸಿಕ್ಕಿ ಬೆರಳು ಜಜ್ಜಿಹೋದರೆ ಆಪರೇಷನ್ ಬೇಕಾಗುತ್ತದೆ.

ನಾವು ಆಪರೇಷನ್ ಮಾಡುವ ಕಡೆ ಕೆಲಸ ಮಾಡುವ ನರ್ಸುಗಳು. ನಿಮ್ಮ ಹೆಸರೇನು? ಯಾವ ಕೈ? ಯಾವ ಔಷಧ ನಿಮಗೆ ಆಗುವುದಿಲ್ಲ? ಹೀಗೆ ಕೇಳುತ್ತೇವೆ. "ಎಷ್ಟು ಸಲ ಕೇಳ್ತೀರಿ ಸಿಸ್ಟರ್?" ಎಂದು ಕೆಲವರಿಗೆ ಬೇಸರ. ಆದರೆ ಎಡಗೈ ಬದಲು ಬಲಗೈ ಕೊಯ್ದರೆ ಏನು ಗತಿ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಪಟ್ಟಿ ಮಾಡಿತು. ಅದರಂತೆ ಮೂರು ಸಲ ನಿಂತು ನೋಡಬೇಕು. ಮೈ ಮರೆಸುವ ಔಷಧ ಕೊಡುವ ಮೊದಲು ಒಂದು ಸಲ. ಕೊಯ್ಯುವ ಮೊದಲು ಒಂದು ಸಲ. ರೋಗಿಯನ್ನು ಹೊರಗೆ ಕರೆತರುವ ಮೊದಲು ಒಂದು ಸಲ. ಸೂಜಿ, ಕತ್ತರಿ, ಬಟ್ಟೆಯ ಲೆಕ್ಕ ಸರಿಯಾಗಿರಬೇಕು.

ದೆಹಲಿಯೂ ಸೇರಿ ಲೋಕದ 8 ಊರುಗಳಲ್ಲಿ ಇದನ್ನು ಮಾಡಿ ನೋಡಿದರು. ಮೊದಲು ಸಾವಿರ ರೋಗಿಗಳಲ್ಲಿ 15 ಮಂದಿ ಸಾಯುತ್ತಿದ್ದರು. ಆಮೇಲೆ ಅದು 8ಕ್ಕೆ ಇಳಿಯಿತು.

ಲೆಕ್ಕ ತಪ್ಪಿದರೆ "ಸ್ವಲ್ಪ ನಿಲ್ಲಿ ಡಾಕ್ಟ್ರೇ" ಅನ್ನಬೇಕು. ಬೈದಾರೆಂದು ನಮಗೂ ಅಂಜಿಕೆ. ಆದರೆ ಸುಮ್ಮನಿದ್ದರೆ ಬಟ್ಟೆ ರೋಗಿಯ ಹೊಟ್ಟೆಯೊಳಗೇ ಉಳಿದೀತು. ನರ್ಸು ಹೇಳಬೇಕು, ಡಾಕ್ಟರು ಕೇಳಬೇಕು. ಆಗಲೇ ರೋಗಿಗೆ ಕ್ಷೇಮ.

ನೀವೂ ಬಾಯಿಬಿಟ್ಟು ಹೇಳಿ. ಅನುಮಾನ ಬಂದರೆ ಕೇಳಿ. ಕೇಳಿದರೆ ತಪ್ಪಲ್ಲ. ಕೇಳದಿದ್ದರೆ ತಪ್ಪಾದೀತು.