‘ಕಾರ್ನರ್ ಕಟ್ ಮಾಡಿಲ್ಲ ಸರ್!’ – ಇಂಗ್ಲಿಷ್ ನುಡಿಗಟ್ಟುಗಳನ್ನು ಅರ್ಥ ಮಾಡಿಕೊಳ್ಳೋದು ಹೇಗೆ?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ರಿವ್ಯೂ. ಸೆನ್ಸರ್ ಇಡೋಕೆ ನಾವು ಥ್ರೀಡಿ ಪ್ರಿಂಟ್ ಮಾಡಿಸಿದ್ದ ಪುಟ್ಟ ಡಬ್ಬಿ ಮೇಜಿನ ಮೇಲಿತ್ತು. ಗೈಡ್ ಸರ್ ನಮ್ಮ ಟೆಸ್ಟಿಂಗ್ ರೀಡಿಂಗ್‌ಗಳನ್ನು ನೋಡಿ, “ಯೂ ಹ್ಯಾವ್ ಕಟ್ ಕಾರ್ನರ್ಸ್ ಹಿಯರ್” ಅಂದರು. ನಮ್ಮ ಟೀಮ್‌ನ ಗೆಳೆಯ ತಕ್ಷಣ ಡಬ್ಬಿ ಎತ್ತಿ ತೋರಿಸಿ, “ಇಲ್ಲ ಸರ್, ನಾಲ್ಕೂ ಕಾರ್ನರ್ ಹಾಗೇ ಇದೆ, ಫಿಲೆಟ್ ಕೂಡ ಕೊಟ್ಟಿಲ್ಲ” ಅಂದ.

ಇಡೀ ಲ್ಯಾಬ್ ನಕ್ಕಿತು. ನಾವೂ ನಕ್ಕೆವು. ಅವನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಪ್ರಾಜೆಕ್ಟ್‌ನ ಸರ್ಕ್ಯೂಟ್ ಪೂರ್ತಿ ಅವನದೇ ಕೆಲಸ. ಆದರೂ ಮುಂದಿನ ಎರಡು ರಿವ್ಯೂಗಳಲ್ಲಿ ಅವನು ಬಾಯಿ ಬಿಡಲಿಲ್ಲ.

ಆ ರಾತ್ರಿ ಹಾಸ್ಟೆಲ್‌ನಲ್ಲಿ ಅವನು ಕೇಳಿದ: “ಕಾರ್ನರ್ ಕಟ್ ಮಾಡಿದ್ರೆ ಅರೆಬರೆ ಕೆಲಸ ಅಂತ ಹೇಗ್ರೋ ಆಗುತ್ತೆ?” ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಮ್ಮ ಹತ್ತಿರ ಉತ್ತರ ಇರಲಿಲ್ಲ. “ಅದರ ಮೀನಿಂಗೇ ಹಾಗೆ ಕಣೋ” ಅಂದು ಸುಮ್ಮನಾದ್ವಿ. ಈ ಲೇಖನ ಆ ಪ್ರಶ್ನೆಗೆ ನಾವು ತಡವಾಗಿ ಕೊಡ್ತಿರೋ ಉತ್ತರ.

ಪದಗಳ ಅರ್ಥವನ್ನು ಒಂದೊಂದಾಗಿ ಕೂಡಿಸಿದರೆ ಸಿಗದ ಅರ್ಥ ಇರೋದೇ ನುಡಿಗಟ್ಟು. ‘ತಲೆ ತಿನ್ನಬೇಡ’ ಅಂದ್ರೆ ಯಾರೂ ತಲೆ ಮುಟ್ಟಿ ನೋಡಿಕೊಳ್ಳಲ್ಲ, ಅಲ್ವಾ? ಇಂಗ್ಲಿಷ್‌ನಲ್ಲೂ ಅಷ್ಟೇ. ಆದರೆ ಇಂಥ ಎಷ್ಟೋ ನುಡಿಗಟ್ಟುಗಳ ಹಿಂದೆ ಒಂದು ನಿಜವಾದ ಕೆಲಸ, ಒಂದು ಯಂತ್ರ, ಒಂದು ದೃಶ್ಯ ಇರುತ್ತೆ. ಅದು ಕಣ್ಣಿಗೆ ಬಂದರೆ ಉರು ಹೊಡೆಯೋ ಅಗತ್ಯ ಇಲ್ಲ.

ಕಟ್ ಕಾರ್ನರ್ಸ್: ತಿರುವಿನಲ್ಲಿ ರಸ್ತೆ ಪೂರ್ತಿ ಸುತ್ತದೆ ಅಡ್ಡ ಹಾಯ್ದು ಹೋಗೋದು. ಲೇಟಾದಾಗ ನಾವು ಲಾನ್ ಮೇಲೆ ನಡೆದು ಕ್ಲಾಸಿಗೆ ಓಡ್ತೀವಲ್ಲ, ಹಾಗೆ. ಸಮಯ ಅಥವಾ ದುಡ್ಡು ಉಳಿಸೋಕೆ ಮಾಡಬೇಕಾದ್ದನ್ನು ಬಿಟ್ಟು ಕಾಟಾಚಾರಕ್ಕೆ ಕೆಲಸ ಮುಗಿಸೋದು ಅಂತ ಅರ್ಥ.

ಲೆಟ್ ಆಫ್ ಸ್ಟೀಮ್: ಇದು ಥರ್ಮೋಡೈನಮಿಕ್ಸ್ ಓದಿದವರಿಗೆ ಸುಲಭ. ಬಾಯ್ಲರ್‌ನಲ್ಲಿ ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತೆರೆದು ಹಬೆ ಹೊರಗೆ ಹೋಗಬೇಕು. ಮನುಷ್ಯರಿಗೂ ಹಾಗೇ. ಇಂಟರ್ನಲ್ಸ್ ಮುಗಿದ ಸಂಜೆ ನಾವು ಆಡೋ ಕ್ರಿಕೆಟ್ ಇದೇ.

ಫ್ಲ್ಯಾಶ್ ಇನ್ ದ ಪ್ಯಾನ್: ಈ ಪ್ಯಾನ್ ಅಡುಗೆಮನೆ ಬಾಣಲೆ ಅಲ್ಲ. ಹಳೇ ಕಾಲದ ಫ್ಲಿಂಟ್‌ಲಾಕ್ ಬಂದೂಕಿನ ಪಕ್ಕದಲ್ಲಿ ಸ್ವಲ್ಪ ಮದ್ದು ಹಾಕೋ ಒಂದು ಪುಟ್ಟ ತಟ್ಟೆ ಇರುತ್ತಿತ್ತು. ಕಿಡಿ ಬಿದ್ದು ಅಲ್ಲಿ ಮದ್ದು ಭಗ್ ಅಂದರೂ ಕೆಲವೊಮ್ಮೆ ಒಳಗಿನ ಮದ್ದು ಹೊತ್ತಿಕೊಳ್ಳದೆ ಗುಂಡು ಹಾರುತ್ತಿರಲಿಲ್ಲ. ಹಾಗಾಗಿ, ಒಂದು ಸಲ ಮಿಂಚಿ ಮುಂದೆ ಏನೂ ಆಗದ ಯಶಸ್ಸಿಗೆ ಈ ಮಾತು.

ಬ್ಯಾಕ್ ಟು ದ ಡ್ರಾಯಿಂಗ್ ಬೋರ್ಡ್: ಪ್ಲಾನ್ ಕೈಕೊಟ್ಟಾಗ ಮತ್ತೆ ಮೊದಲಿನಿಂದ ಶುರು ಮಾಡೋದು. 1941ರಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದ ಪೀಟರ್ ಆರ್ನೋ ಅವರ ಕಾರ್ಟೂನ್‌ನಿಂದ ಈ ಮಾತು ಹರಡಿತು. ಅದರಲ್ಲಿ ವಿಮಾನ ನೆಲಕ್ಕೆ ಬಿದ್ದು ನುಜ್ಜುಗುಜ್ಜಾಗಿದೆ. ಎಲ್ಲರೂ ಅತ್ತ ಓಡ್ತಿದ್ದರೆ, ಡಿಸೈನರ್ ಮಾತ್ರ ನಕ್ಷೆ ಸುತ್ತಿಕೊಂಡು ಆರಾಮಾಗಿ ಹೊರಟಿದ್ದಾನೆ!

ಪುಶ್ ದ ಎನ್ವಲಪ್: ನಾವು ಇದನ್ನು ಅಂಚೆ ಲಕೋಟೆ ಅಂತಲೇ ಅಂದುಕೊಂಡಿದ್ವಿ. ನಿಜಕ್ಕೂ ಇದು ಏರೋನಾಟಿಕಲ್ ಪದ. ಒಂದು ವಿಮಾನ ಯಾವ ವೇಗ, ಯಾವ ಎತ್ತರ, ಎಷ್ಟು ಭಾರದ ಒತ್ತಡದೊಳಗೆ ಸುರಕ್ಷಿತವಾಗಿ ಹಾರಬಲ್ಲದು ಅಂತ ಗ್ರಾಫ್ ಹಾಕಿದರೆ ಸಿಗೋ ಗಡಿಗೆರೆಯೇ ‘ಫ್ಲೈಟ್ ಎನ್ವಲಪ್’. ಹೊಸ ವಿಮಾನವನ್ನು ಟೆಸ್ಟ್ ಪೈಲಟ್‌ಗಳು ಒಮ್ಮೆಲೇ ಆ ಗಡಿಗೆ ಒಯ್ಯಲ್ಲ. ಪ್ರತಿ ಹಾರಾಟದಲ್ಲಿ ಸ್ವಲ್ಪ ಸ್ವಲ್ಪವೇ ಮುಂದೆ ತಳ್ತಾರೆ. ಮುಂದೆ ತೇಜಸ್ ಅಂತ ಹೆಸರಾದ ವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಮೇಲೆ ವರ್ಷಗಟ್ಟಲೆ ನಡೆದ ಪರೀಕ್ಷೆಗಳಲ್ಲಿ ಈ ಕೆಲಸವೂ ಸೇರಿತ್ತು. ಈ ಪೈಲಟ್ ಭಾಷೆಯನ್ನು ಜನಸಾಮಾನ್ಯರಿಗೆ ತಲುಪಿಸಿದ್ದು 1979ರ ಟಾಮ್ ವುಲ್ಫ್ ಪುಸ್ತಕ ‘ದ ರೈಟ್ ಸ್ಟಫ್’. ಈಗ ಯಾವುದೇ ಕ್ಷೇತ್ರದಲ್ಲಿ ಇದ್ದ ಮಿತಿಯನ್ನು ದಾಟಲು ಯತ್ನಿಸೋದಕ್ಕೆ ಈ ಮಾತು ಬಳಕೆಯಲ್ಲಿದೆ.

ಒಂದು ಎಚ್ಚರಿಕೆ: ಕೆಲವು ಮಾತು ಊರಿಗೊಂದು ಅರ್ಥ ಕೊಡುತ್ತೆ. ‘ಟೇಬಲ್’ ಮಾಡೋದು ಅಂದ್ರೆ ಬ್ರಿಟನ್‌ನಲ್ಲಿ ವಿಷಯವನ್ನು ಚರ್ಚೆಗೆ ತರೋದು, ಅಮೆರಿಕದಲ್ಲಿ ಚರ್ಚೆಯನ್ನು ಮುಂದಕ್ಕೆ ಹಾಕೋದು! ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಒಂದು ಪದಕ್ಕೆ ಎರಡೂ ದೇಶದವರ ನಡುವೆ ದೊಡ್ಡ ವಾದವೇ ನಡೆಯಿತು ಅಂತ ಚರ್ಚಿಲ್ ಬರೆದಿದ್ದಾರೆ. ಆದ್ದರಿಂದ ಅನುಮಾನ ಬಂದರೆ ಕೇಳಿ. ‘ಸರ್, ಹಾಗಂದ್ರೇನು?’ ಅನ್ನೋದು ಅವಮಾನ ಅಲ್ಲ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಂತೂ ನುಡಿಗಟ್ಟು ಬಿಟ್ಟು ನೇರವಾಗಿ ಬರೆಯೋದೇ ಒಳ್ಳೇದು.

ಇದನ್ನೆಲ್ಲ ಹುಡುಕಿ ತಂದು ಗೆಳೆಯನ ಮುಂದೆ ಇಟ್ವಿ. ಎಲ್ಲ ಕೇಳಿ ಅವನು, “ಸರಿ, ‘ಅಳೆದೂ ಸುರಿದೂ’ ಅಂತೀರಲ್ಲ, ಏನನ್ನ ಅಳೆಯೋದು, ಏನನ್ನ ಸುರಿಯೋದು?” ಅಂದ. ನಾವು ಮುಖ ಮುಖ ನೋಡಿಕೊಂಡ್ವಿ. ಅವರ ಮನೆಯಲ್ಲಿ ಅಜ್ಜಿ ಸೇರಿನಲ್ಲಿ ರಾಗಿ ಅಳೆದು, ಸುರಿದು, ಅನುಮಾನ ಬಂದರೆ ಮತ್ತೆ ಅಳೀತಿದ್ರಂತೆ. ತುಂಬ ಯೋಚಿಸಿ ತೀರ್ಮಾನಕ್ಕೆ ಬರೋದಕ್ಕೆ ಅದಕ್ಕೇ ಆ ಮಾತು ಅಂತ ಅವನೇ ವಿವರಿಸಿದ.

ಈ ಸಲ ಯಾರೂ ನಗಲಿಲ್ಲ. ಮುಂದಿನ ರಿವ್ಯೂನಲ್ಲಿ ಸರ್ಕ್ಯೂಟ್ ಬಗ್ಗೆ ಅವನೇ ಮಾತಾಡಿದ.