ನಿಂಬೆರಸ ಮತ್ತು ಸ್ಕರ್ವಿ: ‘ಒನ್ ಪೀಸ್’ ತೋರಿಸಿದ್ದೆಷ್ಟು, ದೇಹಕ್ಕೆ ಬೇಕಾದದ್ದೆಷ್ಟು?

ಜಪಾನಿನ ಆ್ಯನಿಮೆ ಸರಣಿಗಳನ್ನು ಮಕ್ಕಳೊಂದಿಗೆ ನೋಡಿದ್ದರೆ, ಅವುಗಳಲ್ಲಿ ಊಟದ ದೃಶ್ಯಗಳು ಹೇರಳವಾಗಿರುವುದನ್ನು ನೀವು ಗಮನಿಸಿರಬಹುದು. ‘ಡ್ರ್ಯಾಗನ್ ಬಾಲ್’ ಕಥೆಯಲ್ಲಿ ಸೆಂಜು ಎಂಬ ಒಂದೇ ಕಾಳು ಹತ್ತು ದಿನಗಳ ಹಸಿವನ್ನು ನೀಗಿಸುತ್ತದೆ. ‘ಒನ್ ಪೀಸ್’ ಸರಣಿಯ ನಾಯಕ ಲೂಫಿ ವಿಚಿತ್ರ ಹಣ್ಣೊಂದನ್ನು ತಿಂದು ರಬ್ಬರಿನ ಮೈ ಪಡೆದವನು. ಮಾಂಸ ಕಂಡರೆ ರಾಶಿಯನ್ನೇ ಮುಗಿಸುತ್ತಾನೆ. ಇವೆಲ್ಲ ಕಲ್ಪನೆಯೆಂದು ಮಕ್ಕಳಿಗೂ ಗೊತ್ತು. ಆದರೆ ಇದೇ ಸರಣಿಯಲ್ಲಿ ನಿಜವಾದ ಕಾಯಿಲೆಯೊಂದರ ಪ್ರಸಂಗವಿದೆ. ಅದನ್ನು ತುಸು ವಿವರವಾಗಿ ಪರಿಶೀಲಿಸುವುದು ಉಪಯುಕ್ತ.

ಸಮುದ್ರಯಾನದಲ್ಲಿದ್ದ ಯೊಸಾಕು ಎಂಬಾತ ಹಾಸಿಗೆ ಹಿಡಿದಿದ್ದಾನೆ. ಹಳೆಯ ಗಾಯಗಳಿಂದ ಮತ್ತೆ ರಕ್ತ ಒಸರುತ್ತಿದೆ. ಇದು ಸ್ಕರ್ವಿ ಎಂದು ಗುರುತಿಸಿದ ನಾಮಿ, ನಿಂಬೆಜಾತಿಯ ಹಣ್ಣಿನ ರಸ ಕುಡಿಸುವಂತೆ ಹೇಳುತ್ತಾಳೆ. ರಸ ಕುಡಿದೊಡನೆ ಆತ ಎದ್ದು ಕುಣಿಯುತ್ತಾನೆ. ಅಷ್ಟು ಬೇಗ ವಾಸಿಯಾಗದು ಎಂದು ನಾಮಿಯೇ ಗದರುತ್ತಾಳೆ. ಅವಳ ಮಾತೇ ಸರಿ. ಜೀವಸತ್ವ ‘ಸಿ’ ಇಲ್ಲದೆ ಅಂಗಾಂಶಗಳನ್ನು ಬೆಸೆಯುವ ಕೊಲಾಜೆನ್ ಸರಿಯಾಗಿ ರೂಪುಗೊಳ್ಳುವುದಿಲ್ಲ. ಆದ್ದರಿಂದಲೇ ವಸಡಿನಲ್ಲಿ ರಕ್ತಸ್ರಾವವಾಗುತ್ತದೆ, ಹಲ್ಲುಗಳು ಸಡಿಲವಾಗುತ್ತವೆ. ಶಿಥಿಲವಾದ ಅಂಗಾಂಶ ಮತ್ತೆ ಕಟ್ಟಿಕೊಳ್ಳಲು ದಿನಗಳೂ ವಾರಗಳೂ ಬೇಕು.

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿಯಿಂದ ಬಳಲುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಉಪಚಾರ ನೀಡಿದನು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ಪಡೆದ ಜೋಡಿಯಲ್ಲಿ ಒಬ್ಬನು ಕೆಲಸಕ್ಕೆ ಮರಳಲು ಸುಮಾರು ಆರು ದಿನ ಹಿಡಿಯಿತು. ಆ ವೇಳೆಗೆ ಹಡಗಿನಲ್ಲಿದ್ದ ಹಣ್ಣೂ ಮುಗಿದಿತ್ತು! ಮುಂದೆ 19ನೆಯ ಶತಮಾನದಲ್ಲಿ ಅದೇ ನೌಕಾಪಡೆ ಅಗ್ಗದ ಬೇರೊಂದು ಜಾತಿಯ ನಿಂಬೆಗೆ ಬದಲಾಯಿತು. ಅದರಲ್ಲಿ ಜೀವಸತ್ವ ಮೊದಲೇ ಕಡಿಮೆ. ಗಾಳಿ, ಬೆಳಕು ಮತ್ತು ತಾಮ್ರದ ಕೊಳವೆಗಳ ಸಂಪರ್ಕದಿಂದ ಉಳಿದದ್ದೂ ನಷ್ಟವಾಗುತ್ತಿತ್ತು. ರಸವಿದ್ದೂ ಸ್ಕರ್ವಿ ಮರಳಿತು.

ಇಂದು ನಮ್ಮ ಹಳ್ಳಿಗಳಲ್ಲಿ ಸ್ಕರ್ವಿ ಅಪರೂಪ, ರಕ್ತಹೀನತೆ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಇದೆ. ನಿಂಬೆ ಕೂಡಲೇ ಕೆಲಸ ಮಾಡುವುದು ಇಲ್ಲಿ. ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದೊಂದಿಗೆ ಜೀವಸತ್ವ ‘ಸಿ’ ಇದ್ದರೆ ಹೀರುವಿಕೆ ಹೆಚ್ಚುತ್ತದೆ. ಮುದ್ದೆ, ಸೊಪ್ಪಿನ ಸಾರಿನ ಊಟವಾದ ಕೂಡಲೇ ಕಾಫಿ ಅಥವಾ ಚಹಾ ಕುಡಿದರೆ ಈ ಲಾಭ ಕುಗ್ಗುತ್ತದೆ. ಕನಿಷ್ಠ ಒಂದು ಗಂಟೆ ಅಂತರವಿರಲಿ. ಆದರೆ ರಕ್ತಹೀನತೆ ಇರುವವರು ವೈದ್ಯರು ಸೂಚಿಸಿದ ಕಬ್ಬಿಣದ ಮಾತ್ರೆಯನ್ನು ನಿಂಬೆಯ ಭರವಸೆಯಲ್ಲಿ ನಿಲ್ಲಿಸಬಾರದು.

ವಯಸ್ಕ ಪುರುಷರಿಗೆ ದಿನಕ್ಕೆ 80 ಮಿ.ಗ್ರಾಂ, ಮಹಿಳೆಯರಿಗೆ 65 ಮಿ.ಗ್ರಾಂ ಜೀವಸತ್ವ ‘ಸಿ’ಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡಿದೆ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿ.ಗ್ರಾಂ ಇರುತ್ತದೆ, ಹಿತ್ತಲಿನ ಒಂದು ಸೀಬೆಗಿಡ ಇಡೀ ಮನೆಗೆ ಆಸರೆ. ಬೆಟ್ಟದ ನೆಲ್ಲಿಕಾಯಿಯೂ ಅಷ್ಟೇ ಸಮೃದ್ಧ. ದುಬಾರಿ ಪರದೇಶಿ ಹಣ್ಣುಗಳ ಹಂಗು ಇಲ್ಲಿಲ್ಲ.

ಹಣ್ಣನ್ನು ತಿನ್ನುವ ಹೊತ್ತಿಗೆ ಹೆಚ್ಚಿಕೊಳ್ಳಿ. ನಿಂಬೆರಸವನ್ನು ಸಾರು ಕುದಿಯುವಾಗ ಹಾಕದೆ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಅಥವಾ ತಟ್ಟೆಯಲ್ಲೇ ಹಿಂಡಿಕೊಳ್ಳಿ. ಹಿಂಡಿದ ರಸವನ್ನು ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಇಡಬೇಡಿ: ಜೀವಸತ್ವ ನಾಶವಾಗುವುದಷ್ಟೇ ಅಲ್ಲ, ಹುಳಿಗೆ ಲೋಹವೂ ಕರಗಿ ಬರುತ್ತದೆ.